ಹುಬ್ಬಿನಲ್ಲಿ ಉಪ್ಪು

ಶಿಂಜು ಊರಿನ ಗಾಳಿಗೆ ಕೆಲಸ ಒಂದೇ ಅಲ್ಲ.
ಒಗೆದ ಬಟ್ಟೆ ಹಾರಿಸುತ್ತದೆ, ನಿಂತ ಸ್ಕೂಟರ್ ಉರುಳಿಸುತ್ತದೆ,
ಬಿದಿರ ಚಾಪೆಯ ಮೇಲೆ ಹರವಿದ ಅಕ್ಕಿ ಶಾವಿಗೆಯನ್ನು
ಮಧ್ಯಾಹ್ನದೊಳಗೆ ಗರಿಗರಿ ಒಣಗಿಸುತ್ತದೆ,
ಪುರಸೊತ್ತಾದಾಗ ನಾಲ್ಕನೇ ಮಹಡಿ ಹತ್ತಿ
ನಮ್ಮ ಅಡುಗೆಮನೆ ಕಿಟಕಿಗೆ ತಲೆ ಚಚ್ಚಿಕೊಳ್ಳುತ್ತದೆ.

ಗುರುವಾರ. ಶಾವಿಗೆಯ ದಿನ.
ಆ-ಮಾ ಗಾಲಿಕುರ್ಚಿಯಲ್ಲಿ, ಹೊಸ್ತಿಲ ಈಚೆ.
ಬಲಗೈ ಯಾರದೋ ಎಂಬಂತೆ ಪಕ್ಕದಲ್ಲಿದೆ.
ಪಾರ್ಶ್ವವಾಯು ಬಡಿದ ರಾತ್ರಿ
ಮಾತೆಲ್ಲ ಉದುರಿ ಉಳಿದದ್ದು ನಾಲ್ಕು:
ಬೇಡ. ಬಿಸಿ. ತ್ಸಾಯ್-ಶೆಂಗ್. ಬೀಹುನ್.
ಮೂರನೆಯದು ಮಗನ ಹೆಸರು,
ನಾಲ್ಕನೆಯದು ಈ ಶಾವಿಗೆಯದು.

ನಮ್ಮ ಚಿಲಾಚಾಪಿನಲ್ಲೂ ಇದು ಬೀಹುನ್ನೇ.
ಯಾವ ಹಡಗು ಯಾವ ಕಾಲಕ್ಕೆ ಹೊತ್ತು ತಂದಿತ್ತೋ ಆ ಪದ!
ಬಂದ ಮೊದಲ ದಿನ ಡಬ್ಬಿ ತೆರೆಯುತ್ತಿದ್ದವಳಿಗೆ
ಬೆನ್ನ ಹಿಂದೆ ಅವ್ವನೇ ಅಂದಂತಾಗಿ
ಮುಚ್ಚಳ ಕೈಜಾರಿ ಠಣಠಣ ಉರುಳಿತ್ತು.

ಸಣ್ಣೀರುಳ್ಳಿ ಕೆಂಪಾದ ಮೇಲೆ, ಕಪ್ಪಾಗುವ ಮುನ್ನ,
ಆ ನಡುವಿನ ಚೂರು ಹೊತ್ತೇ ಅಡುಗೆ.
ಒಣ ಸೀಗಡಿ, ನೆನೆಸಿ ಹಿಂಡಿದ ಅಣಬೆ,
ಆಮೇಲೆ ಹಂದಿ ಮಾಂಸ, ಬೆಂಕಿಕಡ್ಡಿಯಷ್ಟು ಸಪೂರ,
ನಾನೇ ಹೆಚ್ಚಿದ್ದು, ನಾನು ತಿನ್ನದ್ದು.

ಮುಟ್ಟುತ್ತೀಯಾ? ಎಂದು ಕೇಳಿದ್ದರು ಏಜೆನ್ಸಿಯವರು.
ಮುಟ್ಟುತ್ತೇನೆ ಅಂದೆ. ಹಿಂದಿರುಗುವ ಟಿಕೆಟ್ಟಿಗೆ ದುಡ್ಡಿರಲಿಲ್ಲ.
ಮೊದಲ ತಿಂಗಳು ಬೆರಳ ಚರ್ಮ ಏಳುವಷ್ಟು
ಸೋಪು ಸವೆಸಿದೆ.
ಈಗ ನೆಣ ಕರಗುವ ವಾಸನೆಗೆ ಹಸಿವಾಗುತ್ತದೆ;
ಅದನ್ನು ಫೋನಿನಲ್ಲಿ
ಅವ್ವನಿಗೆ ಹೇಳಿಲ್ಲ.

ಸೌಟು ಹಿಡಿದವಳು ರುಚಿ ನೋಡಲಾರಳು,
ರುಚಿ ನೋಡುವವಳು ಹೇಳಲಾರಳು.
ಒಂದೆಳೆ ಎತ್ತಿ, ಊದಿ, ಅವಳ ನಾಲಗೆಗಿಡುತ್ತೇನೆ.
ಎಡ ಹುಬ್ಬು ಏರಿದರೆ ಉಪ್ಪು ಸಾಲದು.
ಕಣ್ಣು ಮುಚ್ಚಿದರೆ ಸಾಕು.
ಮೂಗು ಸೊಟ್ಟಗಾದರೆ
ಬಿಳಿ ಮೆಣಸು ಮರೆತೆಯಲ್ಲೇ ಹುಡುಗಿ!
ಎರಡು ವರ್ಷದಲ್ಲಿ ಈ ಹುಬ್ಬನ್ನು ಓದಿದಷ್ಟು
ಬೇರೇನನ್ನೂ ಓದಿಲ್ಲ ನಾನು.

ಎಲೆಕೋಸು ಮೆತ್ತಗಾಯಿತು. ಕ್ಯಾರೆಟ್ ಬಣ್ಣ ಬಿಟ್ಟಿತು.
ಶಾವಿಗೆ ಸುರಿದು, ಎರಡೂ ಕೈಗೆ ಉದ್ದ ಕಡ್ಡಿ ಹಿಡಿದು,
ಸಿಕ್ಕುಗಟ್ಟಿದ ಕೂದಲು ಬಿಡಿಸಿದ ಹಾಗೆ
ಎತ್ತಿ ಇಳಿಸಿ, ಎತ್ತಿ ಇಳಿಸಿ,
ಮುಚ್ಚಿಟ್ಟು ಉಸಿರು ಬಿಟ್ಟೆ.
ಅವಳಿಗೆ ಬಡಿಸಿದೆ.
ನನ್ನದು ಎಂದಿನಂತೆ ಅನ್ನ, ಬೇಯಿಸಿದ ಮೊಟ್ಟೆ.

ಬೇಡ, ಅಂದಳು.
ತಟ್ಟೆ ನೋಡಿದೆ. ಹುಬ್ಬು ನೋಡಿದೆ. ಬಿಸಿಯಾ?
ಬೇಡ, ಬೇಡ. ಅವಳ ಎಡಗೈ ಮೇಲಿನ ಶೆಲ್ಫ್ ತೋರಿಸುತ್ತಿತ್ತು.
ಹಳೇ ಪತ್ರಿಕೆ ಸುತ್ತಿದ, ದಾರ ಬಿಗಿದ
ಒಂದು ಪುಟ್ಟ ಕಬ್ಬಿಣದ ಬಾಣಲೆ.

ಸಂಜೆ ಗ್ಯಾರೇಜಿನಿಂದ ಬಂದ ಮಗ ನೋಡಿ ಬೆಪ್ಪಾದ:
ಇದು ಅಮ್ಮನ ವ್ರತದ ಬಾಣಲೆ,
ತಿಂಗಳಿಗೆರಡು ದಿನ, ಪಾಡ್ಯಕ್ಕೆ, ಹುಣ್ಣಿಮೆಗೆ.
ಹಂದಿಯ ಹನಿ ಎಣ್ಣೆ ಇದಕ್ಕೆ ಸೋಕಿಲ್ಲ.
ನಮ್ಮನ್ನೂ ಮುಟ್ಟಗೊಡುತ್ತಿರಲಿಲ್ಲ.

ಅಷ್ಟರಲ್ಲಿ ಅದರಲ್ಲಿ
ಅಣಬೆ, ಮೊಟ್ಟೆ, ಉಳಿದೆರಡು ಹಿಡಿ ಶಾವಿಗೆ
ಆಗಿಹೋಗಿತ್ತು.
ನನ್ನದೇ ನಾಲಗೆಯಲ್ಲಿ ನೋಡಿದ್ದೆ,
ಉಪ್ಪು ಮಾತ್ರ ಜಾಸ್ತಿ ಬಿದ್ದಿತ್ತು.
ಆ-ಮಾ ಬಾಯಿ ತೆರೆದಳು. ಒಂದೆಳೆ ಇಟ್ಟೆ.
ಅಗಿದಳು, ಯೋಚಿಸಿದಳು,
ಗಾಳಿ ಕೂಡ ಕಿಟಕಿಯಲ್ಲಿ ಕಾಯಿತು.

ಬೇಡ, ಅಂದಳು ಖಡಾಖಂಡಿತ,
ತನ್ನ ತಟ್ಟೆಯತ್ತ ತಿರುಗಿ,
ಅರ್ಧ ಮುಖದಲ್ಲಿ ನಗುತ್ತಾ.