ಹಾರದ ಐದು ನಿಮಿಷ

ಕಾಸೊಸ್ ಅಂತ ಒಂದು ನಡುಗಡ್ಡಿ ಐತ್ರಿ, ಗ್ರೀಸಿನ ದಕ್ಷಿಣಕ್ಕ.
ಹೆಸರು ಟೈಪ್ ಮಾಡೂಮುಂದ ನಗು ಬಂತು:
ಕಾಸಿನಷ್ಟ ಊರು, ಕಾಸಿನಷ್ಟ ರನ್‌ವೇ.
ಮಗ್ಗಲಿಗೆ ಕಾರ್ಪಾಥೊಸ್, ಅದು ರೂಪಾಯಿ.
ನಡುವ ನೀರು, ಇಪ್ಪತ್ತು ಇಪ್ಪತ್ತೆರಡು ಕಿಲೋಮೀಟರ್.
ವಿಮಾನ ಏರಿ ಇಳಿಯೂದು ಐದು ನಿಮಿಷ,
ಬೆಲ್ಟ್ ಕಟ್ಟಿ ಬಿಚ್ಚೂದ್ರಾಗ ಊರು ಬಂತು.

ಹಂಚಿನಾಳ ಸರ್ ಕನ್ನಡಕ ಹಣಿಮ್ಯಾಲೆ ಏರಿಸಿದ್ರು.
"ಐದ ಏನ್ರಿ ಎಸ್ತೇರಬಾಯಾರ? ಐವತ್ತಲ್ಲ?"
"ಐದರಿ."
"ಅಂದ್ರ ನಾ ಧಾರವಾಡ ಬಿಟ್ಟು ನಿಮ್ಮ ಕೊಪ್ಪೀಕರ ರಸ್ತೆ ಮುಟ್ಟೂದ್ರಾಗ
ಆ ಮಂದಿ ನಾಕ ಸರ್ತೆ ಹೋಗಿ ಬಂದಿರ್ತಾರ."

ಜೇನಿನ ಡಾಕ್ಟರು ಅವರು.
ಹುಳಕ್ಕ ಐದಾರು ಕಿಲೋಮೀಟರ್ ಅಂದ್ರ ದೇಶಾಂತರ,
ಸಮುದ್ರದ ಮಾತು ದೂರ.
ಹಂಗಾರ ಆ ದಂಡಿ ಜೇನು, ಈ ದಂಡಿ ಜೇನು
ಅಕ್ಕ-ತಂಗಿ ಹೌದೋ ಅಲ್ಲೋ
ಅದನ್ನ ನೋಡಾಕ ಹೊಂಟಿದ್ರು,
ಎರಡು ಸ್ವೆಟರ್, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಕಟಗೊಂಡು.
ಬೆಂಗಳೂರು, ದೋಹಾ, ಅಥೆನ್ಸ್, ರೋಡ್ಸ್,
ಕಾಯೂದೂ ಹಿಡದು ಮೂವತ್ತೊಂದು ತಾಸು.
ಕಡೀಕ ಈ ಐದು ನಿಮಿಷ,
ಸೆರಗಿನ ತುದಿಗೆ ಗೊಂಡೆ ಇದ್ದಂಗ.

ಆವತ್ತು ರಾತ್ರಿ ಅಜ್ಜನ ನಕಾಶೆ ಬಿಚ್ಚಿದೆ.
ಮಿಶನ್ ಶಾಳ್ಯಾಗ ಭೂಗೋಳ ಕಲಸ್ತಿದ್ದ ಅಂವ,
ಸಮುದ್ರ ಕಂಡಿದ್ದು ಒಮ್ಮೆ, ಕಾರವಾರದಾಗ, ಅದೂ ಜ್ವರದಾಗ.
ಕಾರ್ಪಾಥೊಸ್ ಸಿಕ್ತು, ಕತ್ತರಿಸಿದ ಉಗುರಿನಂಗ.
ಕಾಸೊಸ್ ಇರಬೇಕಾದಲ್ಲೆ ನುಸಿ ತಿಂದ ತೂತು.
ತೂತಿನಾಗಿಂದ ನಮ್ಮ ಟೇಬಲ್ಲಿನ ಕಟಗಿ ಕಾಣತಿತ್ತು.

ಇಪ್ಪತ್ತೆರಡು ವರ್ಷ ಆತು, ದಿನಾ ಹುಬ್ಬಳ್ಳಿಗೆ ಬಂದು ಹೋಗ್ತೀನಿ.
ಮೊದಲ ಕೆಂಪು ಬಸ್ಸು, ಈಗ ಚಿಗರಿ.
ನವಲೂರು, ಸತ್ತೂರು, ರಾಯಾಪುರ, ನವನಗರ, ಉಣಕಲ್ಲು.
ಕೂಡಿಸಿದ್ರ ಭೂಮಿಗೆ ಆರೂವರಿ ಸುತ್ತು.
ಪಾಸ್‌ಪೋರ್ಟ್ ಮಾಡಿಸಿಲ್ಲ.

ಒಂಬತ್ತನೇ ದಿನ ಫೋನು, ಬಸ್ಸಿನಾಗಿದ್ದೆ.
"ಗಾಳಿ, ಬಾಯಾರ! ಮೂರು ದಿನ ಆತು, ವಿಮಾನ ಏಳವಲ್ದು.
ಎದುರಿಗೆ ಕಾಣಾಕತ್ತೈತಿ ನೋಡ್ರಿ,
ರಾತ್ರಿ ಅದರ ದೀಪ ಎಣಿಸ್ತೀನಿ.
ನಿಮ್ಮ ಕಾಗದದಾಗ ಐದು ನಿಮಿಷ ಅಂತ ಐತಿ,
ಎಂದಿನಿಂದ ಎಣಸಬೇಕು ಅಂತ ಬರದಿಲ್ಲ."
ಹಿಂದ ಗಾಳಿ ಬುಸುಗುಡತಿತ್ತು.
ನನ್ನ ಬಾಜೂಕ ಕುಂತಾಕಿ ಹಸಿ ಕಡ್ಲಿ ಸುಲೀತಿದ್ಲು.
ಏನು ಹೇಳಬೇಕು ತಿಳೀಲಿಲ್ಲ,
"ಸ್ವೆಟರ್ ಹಾಕ್ಕೋರಿ ಸರ್" ಅಂದೆ.

ಮರುದಿನ ಗಾಳಿ ಇಳೀತಂತ.
ವಿಮಾನ ಅಷ್ಟೊತ್ತಿಗೆ ಬ್ಯಾರೆ ಊರಿನ ಪಾಲು.
ಮೀನಗಾರರ ದೋಣ್ಯಾಗ ಹ್ವಾದ್ರು, ಎರಡೂವರಿ ತಾಸು,
ಚಟ್ನಿಪುಡಿ ಸೈತ ಒಳಗ ನಿಲ್ಲಲಿಲ್ಲ.
ಬಂದವರು ಬೆಳ್ಳಿನಷ್ಟು ಬಾಟ್ಲಿ ಜೇನು ಕೊಟ್ರು,
ಓಮಿನ ವಾಸನಿ ಅದಕ್ಕ.
ಅಕ್ಕ-ತಂಗಿ ಹೌದೇನ್ರಿ ಅಂದ್ರ
"ಇನ್ನಾ ನೋಡಬೇಕು" ಅಂದ್ರು.
ಕಡೇ ತಿಕೀಟಿನ ರೊಕ್ಕಕ್ಕ ಮೂರು ಸರ್ತೆ ಬರದೆ,
ಗಾಳಿಗೆ ನಾವೇನು ಮಾಡೂಣು ಅಂತ ಉತ್ತರ ಬಂತು.
"ಇರ್ಲಿ ಬಿಡ್ರಿ, ನೀವ ಇಟಗೋರಿ" ಅಂದು ಸರ್ ಎದ್ದು ಹೋದ್ರು.

ಈಗ ಡ್ರಾಯರಿನಾಗ, ಸ್ಟೇಪ್ಲರ್ ಪಿನ್ನಿನ ಬಾಜೂಕ,
ಹಾರದ ಐದು ನಿಮಿಷ.
ಮೊನ್ನೆ ಸಂಜೀಕ ಪರ್ಸಿನಾಗ ಹಾಕ್ಕೊಂಡೆ.
ಉಣಕಲ್ಲಿಗೆ ಇಳದೆ, ಎಂದೂ ಇಳಿಯದಾಕಿ.
ಕೆರಿ ಇತ್ತು, ಆಚೀ ದಂಡಿ ಇತ್ತು,
ಅಲ್ಲೆ ಯಾರೋ ಛತ್ರಿ ಬಿಚ್ಚಿ ಮುಚ್ಚಿ ನೋಡತಿದ್ರು.
ಎರಡು ನಿಮಿಷ ಮಿರ್ಚಿ ಆರಾಕ ಹೋದ್ವು.
ಉಳಿದ ಮೂರು ಲೆಕ್ಕಕ್ಕ ಸಿಕ್ಕಿಲ್ಲ.