ಕಿಂಡಿ

ಸೋಮವಾರಪೇಟೆ ಬಸ್ ನಿಲ್ದಾಣದ ಹಿಂದೆ
ಕಲಾಯಿ ಅಂಗಡಿಯ ಹಸೈನಾರ್ ಕಾಕ
ನನ್ನ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿದರು.
"ಇಷ್ಟುದ್ದ ಹಂಡೆ ಯಾವ ಮದುವೆಗೆ?"

ಹಂಡೆಯೇ ಅನ್ನಿ, ಎಂದೆ.
ಮೂರಾಳುದ್ದ, ಐದು ಸೆಂಟಿಮೀಟರ್ ದಪ್ಪ ತಾಮ್ರ,
ಒಳಗೆ ಎರಕದ ಕಬ್ಬಿಣ, ಅದರೊಳಗೆ
ಉರಿದು ಮುಗಿದೂ ಮುಗಿಯದ ಕೊಳ್ಳಿ.
ಸುತ್ತ ಜೇಡಿ, ಜೇಡಿಯ ಸುತ್ತ ಬಂಡೆ.
ಅರ್ಧ ಕಿಲೋಮೀಟರ್ ಕೆಳಗಿಳಿಸಿ
ಮರೆತುಬಿಡಬೇಕು.

"ಎಲ್ಲಿ?"
ಗೊತ್ತಿಲ್ಲ. ಇಲ್ಲಿ ಅಲ್ಲ.
(ಯಾವ ಊರಲ್ಲಿ ಕೇಳಿದರೂ
ನಾವು ಹೇಳುವುದು ಇದನ್ನೇ.)

"ಗ್ಯಾರಂಟಿ ಎಷ್ಟು ವರ್ಷ?"
ಲಕ್ಷ.

ಅವರು ನಗಲಿಲ್ಲ.
ಕಿವಿಯ ಮೇಲಿದ್ದ ಬೀಡಿ ತೆಗೆದು, ಮತ್ತೆ ಅಲ್ಲೇ ಸಿಕ್ಕಿಸಿ,
"ಮೈ ಸೋರುವುದಿಲ್ಲ ಮಗಳೇ, ಸೋರುವುದು ಬೆಸುಗೆ.
ನನ್ನ ಹತ್ತಿರ ಬಂದ ಪಾತ್ರೆಯೆಲ್ಲ
ಜೋಡಿಸಿದಲ್ಲೇ ಬಿಟ್ಟುಕೊಂಡದ್ದು" ಎಂದರು.

ಆರು ವರ್ಷ, ಮುನ್ನೂರು ತುಂಡು ತಾಮ್ರ,
ಉಪ್ಪುನೀರಲ್ಲಿ, ಗಂಧಕದ ನೀರಲ್ಲಿ ಅದ್ದಿಟ್ಟು
ತೂಗಿ, ಒರೆಸಿ, ಮತ್ತೆ ತೂಗಿ
ನಾನು ಬರೆದ ವರದಿಯ ಕೊನೆಯ ಸಾಲೂ ಇದೇ,
ಸ್ವಲ್ಪ ಉದ್ದವಾಗಿ.

ಮರುದಿನ ಬೆಳ್ಯಪ್ಪನವರ ಜೀಪು,
ಕಾಲಿಗೆ ಜಿಗಣೆ, ಜೇಬಿನಲ್ಲಿ ಇಲಾಖೆಯ ಅನುಮತಿ ಪತ್ರ.
ತೋಟ ಮುಗಿದ ಮೇಲಿನ ಹುಲ್ಲುಬೋರೆಯಲ್ಲಿ ಮೋರ್ಯರ ಮನೆ:
ನಾಲ್ಕು ಚಪ್ಪಡಿ ನಿಲ್ಲಿಸಿ, ಒಂದನ್ನು ಹೊದಿಸಿ
ಸತ್ತವರನ್ನು ಇಟ್ಟುಹೋಗಿದ್ದಾರೆ ಯಾರೋ.
ಎರಡು ಮೂರು ಸಾವಿರ ವರ್ಷಕ್ಕೇ
ಕಲ್ಲು ನಿಂತಿತು, ಅರ್ಥ ಬಿದ್ದುಹೋಯಿತು.
ಗೇಣುದ್ದದ ಜನ ಇದ್ದರಂತೆ ಇದರಲ್ಲಿ,
ಹುಂಜ ಕೂಗಿದರೆ ಓಡಿ ಒಳಸೇರುತ್ತಿದ್ದರಂತೆ.
ಬೆಳ್ಯಪ್ಪನವರಿಗೆ ಅವರಜ್ಜಿ ಹೇಳಿದ್ದು.

ಹುಳಿಮಣ್ಣು. ಇಲಾಖೆಯವರು ತೋಡಿದ ಗುಂಡಿಯಲ್ಲಿ
ಕಬ್ಬಿಣದ ಕುಡುಗೋಲು ಬೆಲ್ಲದ ಹಾಗೆ ಉದುರಿತು.
ಕಂಚಿನ ಬಳೆ ಮಾತ್ರ
ಹಸಿರು ಹೊದ್ದುಕೊಂಡು ಹಾಗೇ ಕೂತಿತ್ತು.
ಅಳೆದೆ. ಸವೆದದ್ದು ಕೂದಲೆಳೆಯಷ್ಟು.
ಖುಷಿಯಾಯಿತು, ಬಹಳ,
ಆಮೇಲೆ ಬಳೆಯ ಸುತ್ತಳತೆ ಬರೆದುಕೊಳ್ಳುವಾಗ
ಅದು ಮಗುವಿನದೆಂದು ತಿಳಿಯಿತು.

ಪಕ್ಕದ್ದು ಮಗುಚಿ ಬಿದ್ದಿತ್ತು.
"ಇದನ್ನು ನಿಧಿಯೆಂದು ಒಡೆದರು,
ಅಮಾವಾಸ್ಯೆಯ ರಾತ್ರಿ, ನಿಂಬೆಹಣ್ಣು ಇಟ್ಟು.
ಸಿಕ್ಕಿದ್ದು ಮಡಕೆ ಚೂರು.
ಅಷ್ಟು ಗಟ್ಟಿ ಮುಚ್ಚಿದ್ದೇ ತಪ್ಪಾಯಿತು ನೋಡಿ."

ಒಂದೊಂದು ಹಂಡೆಗೆ ಏಳೂವರೆ ಟನ್ ತಾಮ್ರ.
ನನ್ನ ಸಮೀಕರಣದಲ್ಲಿ ಆಮ್ಲಕ್ಕೊಂದು ಅಕ್ಷರವಿದೆ,
ಒತ್ತಡಕ್ಕೊಂದು, ಭೂಕಂಪಕ್ಕೊಂದು.
ನಿಂಬೆಹಣ್ಣಿಗಿಲ್ಲ.

ಹೊರಡುವಾಗ ಕಂಡದ್ದು ಕಿಂಡಿ.
ಮೂಡಣದ ಚಪ್ಪಡಿಯಲ್ಲಿ, ಊಟದ ತಟ್ಟೆಯಷ್ಟು, ದುಂಡಗೆ.
ಒಡೆದದ್ದಲ್ಲ, ಕೊರೆದದ್ದು.
ಆ ಕಲ್ಲಿನಲ್ಲಿ ಎಷ್ಟು ಹಗಲು ಕೂತಿದ್ದರೋ
ಬೇಕೆಂದೇ ಒಂದು ಸೋರಿಕೆ ಮಾಡಲು!
ಒಳಗಿನವರು ಬಂದುಹೋಗಲೆಂದೋ,
ಹೊರಗಿನವರು ಒಂದು ತುತ್ತು ನೀಡಲೆಂದೋ.
ಮೊಣಕೈವರೆಗೆ ಕೈ ಹಾಕಿದೆ.
ತಂಪು. ಗಾಳಿ ಆಡುತ್ತಿತ್ತು.

ನಮ್ಮಲ್ಲಿ ಸೂಜಿಮೊನೆಯಷ್ಟು ಕಿಂಡಿ ಕಂಡರೂ
ಹಂಡೆ ವಾಪಸ್, ಬೆಸುಗೆಗಾರನ ಹೆಸರು ಕಡತಕ್ಕೆ.
ಕೈ ಹಾಕಲು ಯಾರೂ ಬರಕೂಡದು,
ತುತ್ತು ಹಿಡಿದು ಬರಲೇಕೂಡದು.
ಇಷ್ಟು ಜತನದಿಂದ ಕಟ್ಟಿ
ಬೆನ್ನು ಹಾಕುವುದನ್ನು
ನನಗೆ ಯಾರೂ ಕಲಿಸಲಿಲ್ಲ.

ಸಂಜೆ ಬಸ್ಸಿಗೆ ಮುಂಚೆ ಕಾಕನ ಅಂಗಡಿ.
ಕಲಾಯಿಗೆ ಕೊಟ್ಟಿದ್ದ ನನ್ನ ಸಾರಿನ ಪಾತ್ರೆ
ಒಳಗೆ ಬೆಳ್ಳಗೆ ಹೊಳೆಯುತ್ತಿತ್ತು.
ಚೀಟಿ ಬರೆದರು, ನಿಧಾನ, ಪೆನ್ಸಿಲಿನಲ್ಲಿ:
ನಾನೂರು ರೂಪಾಯಿ. ಗ್ಯಾರಂಟಿ ಆರು ತಿಂಗಳು.
ಕೆಳಗೆ ಸ್ವಲ್ಪ ಜಾಗ ಬಿಟ್ಟು:
ಆಮೇಲೆ ತಂದು ತೋರಿಸಿ.