ಅಂಚಿನ್ಯಾಗ ಬರದದ್ದು

ಉಮದಿ ಸಬ್‌ಸ್ಟೇಷನ್ನಿನ ರಾತ್ರಿಪಾಳಿ ಪುಸ್ತಕದಾಗ
ತಾಸಿಗೊಮ್ಮೆ ಲೋಡು ಬರೀಬೇಕು, ಮರಾಠಿಯೊಳಗ.
ಬರೀತೀನಿ. ಹದಿನಾಲ್ಕು ವರ್ಷದ ಕೈ.
ಅಂಚಿನ್ಯಾಗ ಎರಡು ಬಟ್ಟು ಜಾಗ ಉಳೀತೈತಿ;
ಅದರಾಗ ಹುಳ ಬರೀತೀನಿ, ಕನ್ನಡದಾಗ.
ಅವಕ್ಕ ಮರಾಠಿ ಹೆಸರು ನನಗ್ಯಾರೂ ಹೇಳಿಲ್ಲ.

ರೋಹಿಣಿ. ಹನಿ ಬಿತ್ತು ಅನ್ನೂದರಾಗ ನಿಂತಿತು.
ಗೇಟಿನ ದೀಪಕ್ಕ ಮಳಿಹುಳ ಏಳೂವರಿಗೆ ಬಂದು
ಎಂಟಕ್ಕ ರೆಕ್ಕಿ ಕಳಚಿಟ್ಟು ನಡಕೋತ ಹೋದವು,
ಲಗ್ನ ಮುಗಿಸಿ ಬಾಡಿಗಿ ಕೋಟು ತಿರುಗಿ ಕೊಟ್ಟಂಗ.
ಮುಂಜಾನೆ ದಾದಾಸಾಬ ಕಸಬರಿಗಿ ಹಿಡದ:
ಬುಟ್ಟಿ ತುಂಬ ರೆಕ್ಕಿ. ತೂಕ ಇಲ್ಲ.

ಮಿರಗ ಕೂಡಿ ನಾಕನೇ ದಿನ
ಟ್ರಾನ್ಸ್‌ಫಾರ್ಮರ್ ಕಟ್ಟಿ ಬುಡಕ್ಕ ಕರಿಮಣ್ಣು ಸೀಳಿ
ಮಿರಗದ ಹುಳ, ಏಳು.
ಮುಟ್ಟಿದರ ಕಾಲು ಒಳಗೆಳಕೊಂಡು
ಯಾರದೋ ಮಖಮಲ್ಲಿನ ಕುಬಸದ ಗುಂಡಿ ಆಗ್ತಿದ್ದವು.
ವರ್ಷಪೂರ್ತಿ ಇವು ಎಲ್ಲಿರ್ತಾವ?
ಸಣ್ಣಾಂವಿದ್ದಾಗ ಕೇಳಿದ್ದೆ. ಅವ್ವ ಅಂದಿದ್ದಳು,
‘ನೀ ಎಲ್ಲಿದ್ದಿ ಅದಕ್ಕಿಂತ ಮೊದಲ?’

ಪುನರ್ವಸು. ಸಗಣಿಹುಳ ಗೋಡಿಗೆ ಹಣಿ ಬಡಕೊಂಡು ಅಂಗಾತ.
ತಿರುವಿ ಬಿಟ್ಟರ ಮತ್ತ ಅದೇ ದೀಪ, ಅದೇ ಗೋಡಿ.
ಒಂದರ ಬೆನ್ನಿಗೆ ಸುಣ್ಣದ ಚುಕ್ಕಿ ಇಟ್ಟೆ.
ಮೂರು ರಾತ್ರಿ ಬಂತು.
ನಾಕನೇ ರಾತ್ರಿ ಲೋಡು ಬರಿಯೂದು ಅರ್ಧ ತಾಸು ತಡ.

ಹುಬ್ಬಾ. ಒಂದು ಹುಳದ ಬೆನ್ನ ಹತ್ತಿ
ಹಲ್ಲಿ ಬಸ್‌ಬಾರಿಗೆ ಹೋತು. ಢಂ.
ಮೂರು ಊರು ಕತ್ತಲ. ಗಿರಣಿಯಿಂದ ಫೋನು,
ದವಾಖಾನಿ ನರ್ಸಬಾಯಿ ಫೋನು.
‘ಕಾರಣ’ ಅನ್ನೂ ಮನಿಯೊಳಗ ‘ಪಾಲ’ ಅಂತ ಬರದೆ.
ಇದೊಂದರ ಮರಾಠಿ ಗೊತ್ತಿತ್ತು.
ಹನ್ನೊಂದು ಸಾವಿರ ವೋಲ್ಟು, ಅದರ ಪಾಲಿಗೆ ಬಂದದ್ದು.
ಲೈನು ಬರೂತನಕ ಟಾರ್ಚು ಹಿಡದು ಹೊರಗ ಬಂದರ
ದೀಪದ ಹುಳ ಅಷ್ಟೂ ಹುಲ್ಲಿನ ಮ್ಯಾಲ ಕುಂತಾವ,
ಪಾಳಿ ಮುಗದಂಗ.

ಸ್ವಾತಿ ದಾಟಿ ಹಗಲಪಾಳಿ. ತಂತಿಬೇಲಿ ಮ್ಯಾಲ ಏರೋಪ್ಲೇನ್ ಚಿಟ್ಟಿ,
ಎಲ್ಲಾದರ ಮುಖ ಒಂದೇ ಕಡಿ. ಎಣಿಸೂದು ಬಿಟ್ಟೆ.

ಚಳಿ. ‘ಮೀಟರ್ ಪೆಟ್ಟಿಗ್ಯಾಗ ಜೇಡ, ನಿನ್ನಿ ಇದ್ದದ್ದ.’
ಹದಿನೇಳು ದಿನ ಇದೇ ಸಾಲು.

ಶಿವರಾತ್ರಿ ಆದಮ್ಯಾಲ ಸಣ್ಣ ಧೂಳಿನ್ಯಾಗ ಕುಣಿಹುಳದ ಕುಣಿ.
ಒಂದು ಇರಿವಿ ಜಾರಿತು, ಏರಿತು, ಜಾರಿತು.
ಎತ್ತಬೇಕಂತ ಕಡ್ಡಿ ಹಿಡದೆ.
ಹಿಡಕೊಂಡ ಕುಂತೆ.

ಆ ವಾರನ ಹೊಸ ಇಂಜಿನಿಯರ್ ಪಾಟೋಳೆ ಬಾಯಿ,
ಲಾತೂರ ಕಡಿಯವರು, ತಪಾಸಣಿಗೆ ಬಂದರು.
ಹಾಳಿ ತಿರುವಿ ತಿರುವಿ ಅಂಚಿಗೆ ಬಟ್ಟಿಟ್ಟು
‘ಹೇ ಕಾಯ?’ ಅಂದರು.
ಬಾಯಿ ಒಣಗಿತು. ಕೆಂಪು, ಮೆತ್ತಗ, ಮೊದಲ ಮಳಿಗೆ ಅಂತ
ಕೈಯಾಗ ಆಡಿಸಿ ತೋರಿಸಿದೆ.
‘ಮೃಗಾಚಾ ಕಿಡಾ!’ ಅಂದರು, ಎಂಟು ವರ್ಷದ ದನಿಯೊಳಗ.
ಕಡ್ಡಿಪೆಟ್ಟಿಗ್ಯಾಗ ಇಟ್ಟು ಹುಲ್ಲು ಹಾಕಿದ್ದರಂತ.
ತಿನ್ನಲಿಲ್ಲಂತ.
ಮತ್ತೇನೂ ಮಾತಾಡದ ಸಹಿ ಮಾಡಿದರು.
ಸಹಿಯ ಬಾಲ ಗೆರಿ ದಾಟಿ ‘ಏಳು’ ಅನ್ನೂದರ ಮ್ಯಾಲ ಹರದೈತಿ.

ಇವತ್ತ ಮತ್ತ ರೋಹಿಣಿ. ಮೋಡಿಲ್ಲ. ಎರಡು ಹತ್ತು.
ಎಳ್ಳಿನಷ್ಟು ಒಂದು ಹುಳ
ಪುಸ್ತಕದ ಮ್ಯಾಲ ಇಳದು ಲೋಡಿನ ಅಂಕಿ ದಾಟಾಕ್ಹತ್ತೈತಿ.
ಎರಡೂ ಭಾಷಾದಾಗ ಹೆಸರು ಗೊತ್ತಿಲ್ಲ.
ಜಾಗ ಬಿಟ್ಟೀನಿ.